ಎಡಗೈ ಎತ್ತಿದವರು

ಮಧುಗಿರಿಯಲ್ಲಿ ನಾನು ಸೊಪ್ಪು ತರಲು ಹೋದರೂ ಯಾರಾದರೊಬ್ಬರು ಕೇಳುತ್ತಾರೆ, "ಏನ್ ಮೇಡಂ, ಐರ್ಲೆಂಡಿಗೆ ಯಾವಾಗ ಪ್ರಯಾಣ?" ಕೆಲವರಿಗೆ ವೀಸಾ ಬರಲಿಲ್ಲ ಎಂದು ಹೇಳಿದ್ದೇನೆ. ಇನ್ನು ಕೆಲವರಿಗೆ ಯಜಮಾನರ ಬಿಪಿಯ ಕಥೆ ಹೇಳಿದ್ದೇನೆ. ಯಜಮಾನರು ಪಾಪ, ದಿನಾ ಬೆಟ್ಟದ ಬುಡದವರೆಗೆ ವಾಕಿಂಗ್ ಹೋಗಿಬರುವ ಗಟ್ಟಿ ಮನುಷ್ಯ. ದಾರಿಯಲ್ಲಿ ಸಿಕ್ಕವರು "ಈಗ ಹುಷಾರಾಗಿದೀರಾ ಸಾರ್?" ಎಂದು ಕೇಳಿದಾಗ ತಬ್ಬಿಬ್ಬಾಗಿ, ಮನೆಗೆ ಬಂದು ಚಪ್ಪಲಿ ಬಿಡುತ್ತಾ ನನ್ನ ಮುಖ ನೋಡುತ್ತಾರೆ. ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ.

ನಡೆದದ್ದೇನು ಎನ್ನುವುದನ್ನು ಈಗ ಬರೆಯುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಹತ್ತು ಜನಕ್ಕೆ ಹತ್ತು ಥರ ಸುಳ್ಳು ಹೇಳಿ ಸಾಕಾಗಿದೆ.

ನನ್ನ ಹೆಸರು ಲೋಹಿತಾ. ಬಡವನಹಳ್ಳಿ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಟೀಚರು. ಇಪ್ಪತ್ತೆರಡು ವರ್ಷದ ಸರ್ವೀಸು. ಊರ ಹೆಸರು ಬರೆಯುವುದಿಲ್ಲ. ಆ ಊರಿನವರಿಗೆ ನಾನು ಮಾಡಿರುವ ಉಪಕಾರವೇ ಸಾಕಷ್ಟಿದೆ. ನಾನು ಒಳ್ಳೆಯ ಟೀಚರೆಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನನ್ನ ಕ್ಲಾಸಿನಲ್ಲಿ ಗಲಾಟೆ ಇಲ್ಲ, ನಾನು ಹೊತ್ತಿಗೆ ಸರಿಯಾಗಿ ಬಸ್ಸಿಳಿಯುತ್ತೇನೆ, ಮಗ್ಗಿ ತಪ್ಪಿದ ಮಗುವಿನ ಕಿವಿ ಹಿಂಡುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಜಿಲ್ಲಾ ಮಟ್ಟದ ಉತ್ತಮ ಶಿಕ್ಷಕಿ ಪ್ರಶಸ್ತಿಯ ಫಲಕ ನಮ್ಮ ಹಾಲಿನ ಟಿವಿಯ ಮೇಲೆ ನೇತಾಡುತ್ತಿದೆ.

ಮೊದಲು ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ್ದು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ. ಅಲ್ಲಿ ಗಂಗಾಧರಯ್ಯ ಎಂಬ ಹೆಡ್‌ಮೇಷ್ಟ್ರಿದ್ದರು. ಸೇರಿದ ತಿಂಗಳಿಗೇ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಗಂಗಾಧರಯ್ಯನವರು ನನ್ನನ್ನು ಕರೆದು ಗುಟ್ಟು ಹೇಳಿಕೊಟ್ಟರು.

"ನೋಡಮ್ಮ, ಪ್ರಶ್ನೆ ಕೇಳ್ದಾಗ ಎಲ್ಲಾ ಮಕ್ಳೂ ಕೈ ಎತ್ಬೇಕು. ಗೊತ್ತಿರೋವು ಬಲಗೈ ಎತ್ತಲಿ, ಗೊತ್ತಿಲ್ದಿರೋವು ಎಡಗೈ ಎತ್ತಲಿ. ನೀನು ಬಲಗೈನೋರ್ನ ಮಾತ್ರ ಎಬ್ಬಿಸು. ಸಾಹೇಬ್ರಿಗೂ ಖುಷಿ, ಮಕ್ಳ ಮಾನಾನೂ ಉಳೀತದೆ."

"ಸಾಹೇಬರು ತಾವೇ ಪ್ರಶ್ನೆ ಕೇಳಿದರೆ ಸಾರ್?"

"ಅವ್ರೂ ಮೇಷ್ಟ್ರಾಗಿದ್ದು ಬಂದೋರೇ ಕಣಮ್ಮ. ಅವ್ರಿಗೂ ಬಲ ಎಡ ಗೊತ್ತು."

ಅಂದಿನಿಂದ ಇಂದಿನವರೆಗೆ ಎಷ್ಟು ಸಾಹೇಬರು ಬಂದರು, ಎಷ್ಟು ತನಿಖೆ ನಡೆಯಿತು, ನನ್ನ ಕ್ಲಾಸಿನಲ್ಲಿ ಕೈಯೆತ್ತದ ಮಗು ಒಂದೂ ಇರಲಿಲ್ಲ. ಇದು ಮೋಸ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮನೆಗೆ ನೆಂಟರು ಬಂದಾಗ ಹರಿದ ಚಾಪೆ ಒಳಗಿಡುವುದಿಲ್ಲವೇ, ಅಷ್ಟೇ ಎಂದುಕೊಂಡಿದ್ದೆ.

ಹೋದ ವರ್ಷ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ಹಫೀಜ್ ಒಂದು ಸುದ್ದಿ ತಂದರು. ಹಫೀಜ್ ಶಿರಾದವರು, ನನಗಿಂತ ಹತ್ತು ವರ್ಷ ಚಿಕ್ಕವರು, ದಿನಾ ಬೈಕಿನಲ್ಲಿ ಬಂದುಹೋಗುತ್ತಾರೆ. ಐರ್ಲೆಂಡಿನ ಒಂದು ವಿಶ್ವವಿದ್ಯಾಲಯ ಹದಿನೈದು ವರ್ಷಕ್ಕಿಂತ ಹೆಚ್ಚು ಪಾಠ ಮಾಡಿದ ಶಾಲಾ ಶಿಕ್ಷಕರನ್ನು ನಾಲ್ಕು ತಿಂಗಳು ಕರೆಸಿಕೊಳ್ಳುತ್ತದಂತೆ. ಅಲ್ಲಿನ ಶಾಲೆಗಳಲ್ಲಿ ಕೂತು ನೋಡಬೇಕು, ನಮ್ಮದೇ ಒಂದು ವಿಷಯದ ಮೇಲೆ ಸಂಶೋಧನೆ ಮಾಡಬೇಕು, ಅದಕ್ಕೆ ಅನುದಾನವೂ ಉಂಟು. ಹೋಗುವ ಮೊದಲು ಅಲ್ಲಿನ ಒಬ್ಬ ಟೀಚರು ಇಲ್ಲಿಗೆ ಬಂದು ಎರಡು ವಾರ ನಮ್ಮ ಶಾಲೆಯಲ್ಲಿ ಇರುತ್ತಾರೆ.

"ಹಾಕಿ ಮೇಡಂ. ಫಾರ್ಮ್ ನಾನು ತುಂಬಿಸ್ತೀನಿ. ಖುದಾ ಕಸಂ, ನಿಮ್ಮಷ್ಟು ಚೆನ್ನಾಗಿ ಪಾಠ ಮಾಡೋರು ಈ ನಾಲ್ಕು ತಾಲ್ಲೂಕಲ್ಲಿ ಇಲ್ಲ" ಎಂದರು ಹಫೀಜ್.

ಹೊಗಳಿಕೆಗೆ ಉಬ್ಬುವುದು ನನ್ನ ಹಳೆಯ ಕಾಯಿಲೆ. ನಾನು ಬೆಂಗಳೂರಿನಿಂದ ಆಚೆ ನೋಡಿದ್ದೆಂದರೆ ಒಂದು ಧರ್ಮಸ್ಥಳ, ಒಂದು ತಿರುಪತಿ. ವಿಮಾನದ ಕಿಟಕಿ, ಅಲ್ಲಿನ ಶಾಲೆ, ಬಂದ ಮೇಲೆ ಇಲ್ಲಿನ ಸಭೆಗಳಲ್ಲಿ ನಾನು ಮಾಡುವ ಭಾಷಣ ಎಲ್ಲವೂ ಕಣ್ಮುಂದೆ ಬಂದವು. ಹೋಗಲೇಬೇಕು ಎಂದು ಮನಸ್ಸು ಹಟ ಹಿಡಿಯಿತು.

ಅರ್ಜಿಯ ಜೊತೆಗೆ ಇಪ್ಪತ್ತು ನಿಮಿಷದ ಪಾಠದ ವಿಡಿಯೋ ಕಳಿಸಬೇಕಿತ್ತು. ಕತ್ತರಿಸಬಾರದು, ಸೇರಿಸಬಾರದು, ನಿತ್ಯದ ಪಾಠ ಹೇಗಿರುತ್ತದೋ ಹಾಗೆ. ಹಫೀಜ್ ಮೊಬೈಲು ಹಿಡಿದು ನಿಂತರು. ಹಿಂದಿನ ದಿನವೇ ನಾನು ಏಳನೇ ತರಗತಿಗೆ ಹೇಳಿದ್ದೆ, "ನಾಳೆ ವಿಡಿಯೋ ತೆಗೀತಾರೆ. ಕೈ ಎತ್ತೋದು ಹೆಂಗೆ ಅಂತ ಜ್ಞಾಪಕ ಇದೆ ತಾನೆ?" "ಇದೆ ಮಿಸ್" ಎಂದು ಮೂವತ್ತೊಂದು ಮಕ್ಕಳೂ ಒಂದೇ ಸ್ವರದಲ್ಲಿ ಹೇಳಿದ್ದವು. ಮಕ್ಕಳು ತಾವಾಗಿ ಮಾಡಿಬಿಟ್ಟವು ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ನೋಡಿದ್ದೇನೆ. ಇಲ್ಲ, ನಾನೇ ಹೇಳಿ ಮಾಡಿಸಿದ್ದು.

ವಿಡಿಯೋ ಚೆನ್ನಾಗಿ ಬಂತು. ಪ್ರತಿ ಪ್ರಶ್ನೆಗೂ ಕ್ಲಾಸಿಗೆ ಕ್ಲಾಸೇ ಕೈಯೆತ್ತಿತ್ತು. ಮೂರು ತಿಂಗಳ ಮೇಲೆ ಸಂದರ್ಶನಕ್ಕೆ ಕರೆಬಂತು, ಅದೂ ಆನ್‌ಲೈನ್. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಶಿರಾದ ಹಫೀಜರ ಮನೆಯಲ್ಲಿ ಕೂತೆ. ಅವರ ಹೆಂಡತಿ ಅತಿಯಾ ನನ್ನ ಬೆನ್ನ ಹಿಂದಿನ ಗೋಡೆಗೆ ಒಳ್ಳೆಯ ಬೆಡ್‌ಶೀಟು ಕಟ್ಟಿದರು. ಹಫೀಜ್ ನನ್ನ ಎದುರಿಗೆ, ಪರದೆಯಲ್ಲಿ ಕಾಣದ ಹಾಗೆ ನಿಂತಿದ್ದರು.

ಮೂವರು ಪ್ರಶ್ನೆ ಕೇಳಿದರು. ಇಬ್ಬರಿಗೆ ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಮೂರನೆಯವರು ಮೌರೀನ್ ಎಂಬ ಹೆಂಗಸು. ಐವತ್ತೈದರ ಮೇಲಿನ ವಯಸ್ಸು, ನೆರೆತ ಕೂದಲು, ಅವರೂ ಶಾಲೆಯ ಟೀಚರು. ಆಯ್ಕೆಯಾದರೆ ನಮ್ಮಲ್ಲಿಗೆ ಬರುವವರು ಅವರೇ ಎಂದು ಮೊದಲೇ ತಿಳಿಸಿದ್ದರು.

"ಲೋಹಿತಾ, ನಿಮ್ಮ ವಿಡಿಯೋವನ್ನು ನಾನು ನಾಲ್ಕು ಸಲ ನೋಡಿದೆ. ಪ್ರತಿ ಪ್ರಶ್ನೆಗೂ ಎಲ್ಲ ಮಕ್ಕಳೂ ಕೈ ಎತ್ತುತ್ತಾರೆ. ಅದರಲ್ಲಿ ಹನ್ನೊಂದು ಮಕ್ಕಳು ಯಾವಾಗಲೂ ಎಡಗೈ. ಆ ಹನ್ನೊಂದರಲ್ಲಿ ಒಬ್ಬರನ್ನೂ ನೀವು ಎಬ್ಬಿಸಿ ಕೇಳಲಿಲ್ಲ. ಯಾಕೆಂದು ತಿಳಿಯಬಹುದೇ?"

ಎದುರಿಗಿದ್ದ ಹಫೀಜ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಯಾವ ಸಾಹೇಬರೂ ಕೇಳದ ಪ್ರಶ್ನೆ ಅದು.

ಮೌರೀನ್ ಮೆತ್ತಗೆ ಮುಂದುವರಿಸಿದರು. "ನಿಮ್ಮ ಕಡೆ ಎಡಗೈಯವರ ಬಗ್ಗೆ ಏನಾದರೂ ನಂಬಿಕೆ ಇದೆಯೇ? ತಪ್ಪು ತಿಳಿಯಬೇಡಿ, ನಾನೂ ಎಡಗೈಯವಳು. ನಾನು ಚಿಕ್ಕವಳಿದ್ದಾಗ ನಮ್ಮ ಟೀಚರು ನನ್ನ ಎಡಗೈಯನ್ನು ಕುರ್ಚಿಗೆ ಕಟ್ಟಿಹಾಕುತ್ತಿದ್ದರು. ಎರಡು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ."

ಬಾಗಿಲು ತೆರೆದಂತಾಯಿತು. "ಇದೆ" ಎಂದುಬಿಟ್ಟೆ.

ಎಡಗೈಯಲ್ಲಿ ಕೊಡಬಾರದು, ಊಟ ಮಾಡಬಾರದು ಎನ್ನುವುದು ನಮ್ಮಲ್ಲಿರುವುದು ನಿಜ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೌರೀನ್ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ಹುರುಪು ಬಂತು. ಹಳ್ಳಿಯ ಅಜ್ಜಿಯರು ಮಕ್ಕಳ ಎಡಗೈಗೆ ಬಟ್ಟೆ ಕಟ್ಟುತ್ತಾರೆ ಎಂದೆ. ಮೊದಲ ಬೆಂಚಿನ ರಕ್ಷಾ ಎಂಬ ಹುಡುಗಿಯ ಹೆಸರನ್ನೂ ಹೇಳಿದೆ. ಅವಳನ್ನು ಸಾಕುತ್ತಿರುವ ಅಜ್ಜಿಯೇ ಅವಳ ಕೈ ಕಟ್ಟುತ್ತಾಳೆ ಎಂದೆ. ನನಗೇ ಅರಿವಿಲ್ಲದೆ ನಾನೂ ಈ ಮಕ್ಕಳನ್ನು ಕಡೆಗಣಿಸಿದ್ದೇನೆ, ಅದನ್ನೇ ಸಂಶೋಧನೆ ಮಾಡಬೇಕೆಂದಿದ್ದೇನೆ ಎಂದು ಮುಗಿಸಿದೆ. ಮೌರೀನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಲ್ಯಾಪ್‌ಟಾಪು ಮುಚ್ಚಿದ ಮೇಲೆ ಹಫೀಜ್ "ತೋಬಾ ತೋಬಾ, ಇದು ಜಾಸ್ತಿ ಆಯ್ತು ಮೇಡಂ" ಎಂದರು.

"ಮತ್ತೇನು ಹೇಳ್ಬೇಕಿತ್ತು? ನಿಮ್ಮ ಕ್ಲಾಸಲ್ಲಿ ಎಡಗೈ ಎತ್ತಲ್ವಾ?" ಎಂದು ಅವರ ಮೇಲೆಯೇ ರೇಗಿದೆ. ಅವರು ತಲೆ ತಗ್ಗಿಸಿದರು.

ಆಯ್ಕೆಯಾಯಿತು. ಬಡವನಹಳ್ಳಿ ಸರ್ಕಲ್ಲಿನಲ್ಲಿ ನನ್ನ ಫೋಟೋದ ಫ್ಲೆಕ್ಸ್ ಎದ್ದಿತು. ಶಿಕ್ಷಕರ ಸಂಘದವರು ಶಾಲು ಹೊದಿಸಿದರು. ಸೆಪ್ಟೆಂಬರಿಗೆ ಪ್ರಯಾಣ, ಅದಕ್ಕೆ ಮೊದಲು ಫೆಬ್ರವರಿಯಲ್ಲಿ ಮೌರೀನ್ ಇಲ್ಲಿಗೆ ಬರುವುದೆಂದು ಗೊತ್ತಾಯಿತು. ಅವರು ಬಂದರೆ ಹನ್ನೊಂದು ಎಡಗೈ ಮಕ್ಕಳನ್ನು ನಾನು ಎಲ್ಲಿಂದ ತರಲಿ? ನನ್ನ ಕ್ಲಾಸಿನಲ್ಲಿ ನಿಜವಾಗಿ ಎಡಗೈಯಲ್ಲಿ ಬರೆಯುವವನು ಅಕ್ರಂ ಒಬ್ಬನೇ, ಬಡವನಹಳ್ಳಿಯ ಟೈಲರ್ ಲಿಯಾಕತ್ ಅಲಿಯ ಮಗ. ಅವನು ಜಾಣ. ಎಲ್ಲ ಪ್ರಶ್ನೆಗೂ ಅವನಿಗೆ ಉತ್ತರ ಗೊತ್ತು, ಹಾಗಾಗಿ ಅವನು ಎತ್ತುವುದು ಬಲಗೈ!

ಆಗ ನಾನು ಮಾಡಿದ್ದನ್ನು ಹೇಳಿದರೆ ನೀವು ನನ್ನ ಮುಖ ನೋಡಲಾರಿರಿ. ಆ ಹನ್ನೊಂದು ಮಕ್ಕಳನ್ನು ಊಟದ ಬೆಲ್ ಆದ ಮೇಲೆ ನಿಲ್ಲಿಸಿಕೊಂಡೆ. "ಫಾರಿನ್ ಮಿಸ್ ಬರ್ತಾರೆ. ಅವರು ಇರೋ ಅಷ್ಟು ದಿನ ನೀವೆಲ್ಲ ಎಡಗೈಲಿ ಬರೀಬೇಕು. ಆಟ ಅಂದ್ಕೊಳ್ಳಿ" ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ರಕ್ಷಾ ಮಾತ್ರ "ಚೆನ್ನಾಗಿ ಬರಲ್ವಲ್ಲ ಮಿಸ್" ಎಂದಳು. "ಬರೋವಷ್ಟು ಬರಲಿ" ಎಂದೆ. ಬಲಗೈಯಲ್ಲೇ ತಿಣುಕಿ ಬರೆಯುವ ಮಕ್ಕಳು ಅವು. ಮಾರನೆಯ ದಿನದಿಂದಲೇ ನಾಲಿಗೆ ಕಚ್ಚಿಕೊಂಡು ಎಡಗೈಯಲ್ಲಿ ಗೀಚಲು ಶುರುಮಾಡಿದವು.

ಮೌರೀನ್ ಬಂದರು. ಹತ್ತಿಯ ಸಲ್ವಾರ್ ಹಾಕಿಕೊಂಡು, ಬೆಂಚಿನ ಮೇಲೆ ಮಕ್ಕಳ ಪಕ್ಕದಲ್ಲೇ ಕೂತರು. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಮಕ್ಕಳು ಅವರಿಗೆ ದಿನಕ್ಕೆ ಹತ್ತು ಕನ್ನಡ ಪದ ಕಲಿಸುವ ಗುತ್ತಿಗೆ ಹಿಡಿದವು. ನೀರು, ಅನ್ನ, ಬಾ, ಹೋಗು, ಬಲ, ಎಡ, ಗೊತ್ತು, ಗೊತ್ತಿಲ್ಲ.

ಅವರು ತಮ್ಮ ಚೀಲದಿಂದ ಹನ್ನೊಂದು ಕತ್ತರಿ ತೆಗೆದಾಗ ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಎಡಗೈಯವರಿಗೆಂದೇ ಮಾಡಿದ ಕತ್ತರಿಗಳಂತೆ, ತಮ್ಮ ಸಂಬಳದಲ್ಲಿ ಕೊಂಡು ತಂದಿದ್ದರು. ಹನ್ನೊಂದು ಮಕ್ಕಳೂ ಅವನ್ನು ಹಿಡಿಯಲಾಗದೆ ಕಾಗದವನ್ನು ಜಗಿದಂತೆ ಹರಿದವು. ಪಕ್ಕದಲ್ಲಿದ್ದ ಅಕ್ರಂ ಒಂದನ್ನು ಎಡಗೈಗೆ ತೆಗೆದುಕೊಂಡು ಅಪ್ಪನ ಹಾಗೆ ಸರ್ರನೆ ಕತ್ತರಿಸಿದ. "ಈ ಹುಡುಗ ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ?" ಎಂದು ಮೌರೀನ್ ಕೇಳಿದರು. "ಅವರ ಮನೆಯಲ್ಲಿ ಆ ನಂಬಿಕೆ ಇಲ್ಲ, ಅದಕ್ಕೆ ಅವನಿಗೆ ತೊಂದರೆಯಾಗಿಲ್ಲ" ಎಂದೆ. ಸುಳ್ಳು ಈಗ ಕೇಳದೆಯೇ ಬರುತ್ತಿತ್ತು.

ಎರಡನೆಯ ವಾರ ಅವರು ರಕ್ಷಾಳ ಮನೆಗೆ ಹೋಗಬೇಕೆಂದರು. ನಾನು ನೆಪ ಹೇಳಿ ಮೂರು ದಿನ ತಳ್ಳಿದೆ. ನಾಲ್ಕನೆಯ ದಿನ ಹೋಗಲೇಬೇಕಾಯಿತು. ರಕ್ಷಾಳ ಅಪ್ಪ ಅಮ್ಮ ಇಬ್ಬರೂ ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾ ಅಲ್ಲೇ ಇದ್ದಾರೆ, ಭಾನುವಾರ ಬಂದುಹೋಗುತ್ತಾರೆ. ಇಲ್ಲಿರುವುದು ಅಜ್ಜಿ ಶಿವರುದ್ರಮ್ಮ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಜಗಲಿಯ ಮೇಲೆ ಹುಣಸೇಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದು, ಸೆರಗಿನಿಂದ ಜಗಲಿ ಒರೆಸಿ, ಬೇಯಿಸಿದ ಕಡಲೇಕಾಯಿ, ಮಜ್ಜಿಗೆ ತಂದಿಟ್ಟಳು.

ಮೌರೀನ್ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದರು, "ದಯವಿಟ್ಟು ಈ ಮಗುವಿನ ಕೈ ಕಟ್ಟಬೇಡಿ. ನನ್ನ ಕೈಯನ್ನೂ ಕಟ್ಟಿದ್ದರು. ಆ ನೋವು ನನಗೆ ಗೊತ್ತು."

ಶಿವರುದ್ರಮ್ಮ ನನ್ನ ಕಡೆ ತಿರುಗಿ "ಏನಂತಾರೆ ಮೇಡಮ್ಮೋರೆ?" ಎಂದಳು.

"ನಿಮ್ಮ ಮೊಮ್ಮಗಳು ಚೆನ್ನಾಗಿ ಓದ್ತಾಳಂತೆ" ಎಂದೆ.

ಮುದುಕಿಯ ಮುಖ ಅರಳಿತು. "ಎಲ್ಲಾ ನಿಮ್ಮಿಂದ. ನಂಗೆ ಅಕ್ಷರ ಗೊತ್ತಿಲ್ಲ ಕಣಮ್ಮ. ಮೇಡಮ್ಮೋರು ಹೆಂಗ್ ಹೇಳ್ತಾರೋ ಅಂಗೆ ಕೇಳು ಅಂತ ದಿನಾ ಹೇಳ್ ಕಳಿಸ್ತೀನಿ. ಈಗ ಎಡಗೈಲಿ ಬರೀತಾವ್ಳೆ, ಯಾಕ್ ಮಗ ಅಂದ್ರೆ ಮಿಸ್ ಹೇಳವ್ರೆ ಅಂದ್ಲು. ನೀವು ಹೇಳುದ್ಮೇಲೆ ಸರಿನೇ ಇರ್ತದೆ ಅಂತ ಸುಮ್ಕಾದೆ."

"ಏನಂದರು?" ಎಂದರು ಮೌರೀನ್.

"ಇನ್ನು ಮೇಲೆ ಕಟ್ಟುವುದಿಲ್ಲ ಎನ್ನುತ್ತಾರೆ" ಎಂದೆ. ಮೌರೀನ್ ಆ ಕೈಗಳಿಗೆ ಹಣೆ ಮುಟ್ಟಿಸಿದರು. ಶಿವರುದ್ರಮ್ಮ ಗಾಬರಿಯಾಗಿ "ಅಯ್ಯೋ ಬುಡಿ ತಾಯಿ" ಎಂದು ಹಿಂದೆ ಸರಿದಳು. ನಾನು ಕಡಲೇಕಾಯಿ ಬಿಡಿಸುತ್ತಾ ಕೂತಿದ್ದೆ. ಬಿಡಿಸಿದ್ದನ್ನೆಲ್ಲ ತಿಂದೆ, ಮಜ್ಜಿಗೆಯನ್ನೂ ಕುಡಿದೆ.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಆ ಎರಡು ವಾರ ಮೌರೀನ್ ದಿನಾ ಮಧ್ಯಾಹ್ನ ಆ ಹನ್ನೊಂದು ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಟ್ಟರು. ಕಾಗದ ಮಡಿಸಿ ಕಾಲು ಮಾಡಿಸುವುದು, ಕಾಲನ್ನು ಮತ್ತೆ ಮಡಿಸಿ ಅರೆಕಾಲು ಮಾಡಿಸುವುದು, ಬಣ್ಣ ಹಚ್ಚಿಸುವುದು. ಬರದಿದ್ದರೆ ಮತ್ತೆ ಮಡಿಸುವುದು. ನನಗೆ ಗೊತ್ತಿಲ್ಲದ ವಿದ್ಯೆ ಅದರಲ್ಲಿ ಒಂದೂ ಇರಲಿಲ್ಲ. ತರಬೇತಿಗಳಲ್ಲಿ ನಾನೇ ಬೇರೆ ಟೀಚರುಗಳಿಗೆ ಅದನ್ನು ತೋರಿಸಿದ್ದೇನೆ. ಆ ಮಕ್ಕಳ ಪಕ್ಕದಲ್ಲಿ ಕೂತು ತೋರಿಸಿರಲಿಲ್ಲ, ಅಷ್ಟೆ.

ಕೊನೆಯ ದಿನ ಮೌರೀನ್ ತಾವೇ ಇಡೀ ತರಗತಿಗೆ ಪಾಠ ಮಾಡಿದರು. ಹೆಡ್‌ಮೇಷ್ಟ್ರು ರೇಣುಕಯ್ಯನವರು ಕುರ್ಚಿ ಹಾಕಿಸಿಕೊಂಡು ಕೂತರು. ಹಫೀಜ್ ಕನ್ನಡದಲ್ಲಿ ಹೇಳಲು ನಿಂತರು. ನಾನು ಬಾಗಿಲ ಬಳಿ ಇದ್ದೆ.

"ಮುಕ್ಕಾಲು ರೊಟ್ಟಿ ಇದೆ. ಅದರಲ್ಲಿ ಅರ್ಧ ತಗೊಂಡ್ರೆ ಇಡೀ ರೊಟ್ಟೀಲಿ ಎಷ್ಟು ಭಾಗ ಆಯ್ತು?" ಎಂದು ಹಫೀಜ್ ಕನ್ನಡದಲ್ಲಿ ಕೇಳಿದರು.

ಮೂವತ್ತೊಂದು ಕೈ ಮೇಲೆದ್ದವು. ಪದ್ಧತಿ ಪದ್ಧತಿಯೇ. ನನ್ನ ಕಣ್ಣು ಅಭ್ಯಾಸಬಲದಿಂದ ಎಡಗೈಗಳನ್ನು ಹುಡುಕಿತು. ಹನ್ನೊಂದಿರಲಿಲ್ಲ, ಆರೇ ಇದ್ದವು. ರಕ್ಷಾ ಬಲಗೈ ಎತ್ತಿದ್ದಳು. ಸುಮ್ಮನೆ ಎತ್ತಿರಲಿಲ್ಲ, ಬೆಂಚಿನಿಂದ ಅರ್ಧ ಎದ್ದು, ಎಡಗೈಯಿಂದ ಬಲಗೈಯ ಮೊಣಕೈಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತಿದ್ದಳು. ಅವಳು ನೋಡುತ್ತಿದ್ದುದು ಮೌರೀನರನ್ನಲ್ಲ, ನನ್ನನ್ನು.

"ಮಿಸ್, ಬಲಗೈ! ಮಿಸ್, ನಂದು ಬಲಗೈ!" ಎಂದು ಕೂಗಿದಳು.

ಮೌರೀನ್ ಅವಳನ್ನು ಕರೆದರು. ಅವಳು ಓಡಿಬಂದು ಸೀಮೆಸುಣ್ಣವನ್ನು ಬಲಗೈಗೆ ತೆಗೆದುಕೊಂಡು, ರೊಟ್ಟಿ ಬರೆದು, ಎಂಟು ಭಾಗ ಮಾಡಿ, ಮೂರಕ್ಕೆ ಗೆರೆ ಹಾಕಿ, ಪಕ್ಕದಲ್ಲಿ ಎಂಟರಲ್ಲಿ ಮೂರು ಎಂದು ದುಂಡಗೆ ಬರೆದಳು. ಸರಿಯಾಗಿತ್ತು. ಮೌರೀನ್ ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು.

"ಎಡ ಇಲ್ಲ?" ಎಂದು ತಮ್ಮ ಕನ್ನಡದಲ್ಲಿ ಕೇಳಿದರು.

"ಗೊತ್ತು ಮಿಸ್, ಅದಕ್ಕೆ ಬಲ" ಎಂದಳು ರಕ್ಷಾ. ಫಾರಿನ್ ಮಿಸ್ಸಿಗೆ ಅರ್ಥವಾಗಲಿ ಎಂದು ನಿಧಾನವಾಗಿ, ಒಂದೊಂದೇ ಕೈಯೆತ್ತಿ ತೋರಿಸಿದಳು. "ಗೊತ್ತು, ಬಲ. ಗೊತ್ತಿಲ್ಲ, ಎಡ."

"ರೂಲ್ಸ್ ಮಿಸ್" ಎಂದು ಅಕ್ರಂ ಕೂತಲ್ಲಿಂದಲೇ ವಿವರಿಸಿದ.

ಹಫೀಜ್ ಮುಂದೆ ಬಂದು ಇಂಗ್ಲಿಷಿನಲ್ಲಿ ಏನೋ ತೇಪೆ ಹಾಕಲು ನೋಡಿದರು, ಎರಡೂ ಕೈಯಲ್ಲಿ ಬರೆಯುವುದನ್ನು ಕಲಿತಿದ್ದಾಳೆ ಎಂದೋ ಏನೋ. ಮೌರೀನ್ ಅಂಗೈ ತೋರಿಸಿ ಅವರನ್ನು ತಡೆದರು. ಇನ್ನೂ ಮೇಲೇ ಇದ್ದ ಆರು ಎಡಗೈಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ರಕ್ಷಾ ಕೂಡ ನನ್ನನ್ನೇ ನೋಡುತ್ತಿದ್ದಳು, ನಾನು ಭೇಷ್ ಎನ್ನುತ್ತೇನೆಂದು. ನಾನು ಬಾಗಿಲಿನಿಂದ ಹೊರಗೆ ಬಂದೆ, ಮೌರೀನ್ ನನ್ನ ಹಿಂದೆಯೇ ಬಂದರು.

ವರಾಂಡದಲ್ಲಿ ಮೌರೀನರಿಗೆ ಎಲ್ಲವನ್ನೂ ಹೇಳಿದೆ. ಗಂಗಾಧರಯ್ಯನವರಿಂದ ಹಿಡಿದು ಊಟದ ಬೆಲ್ ಆದ ಮೇಲೆ ನಾನು ಮಕ್ಕಳಿಗೆ ಹೇಳಿದ ಮಾತಿನವರೆಗೆ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಂಬ ಹಿಡಿದು ನಿಂತು ಕೇಳಿಸಿಕೊಂಡರು, ಅಷ್ಟೆ.

"ನನ್ನ ಕೈ ಕಟ್ಟಿದ್ದರು ಎನ್ನುವುದನ್ನು ನಾನು ತುಂಬಾ ಜನರಿಗೆ ಹೇಳಿಲ್ಲ" ಎಂದರು.

"ನನ್ನನ್ನು ಕ್ಷಮಿಸಿ. ವಿಶ್ವವಿದ್ಯಾಲಯಕ್ಕೆ ನಾನೇ ಬರೆಯುತ್ತೇನೆ. ನಾನು ಬರುವುದಿಲ್ಲ."

"ಅದು ಇರಲಿ. ಆ ಅಜ್ಜಿಗೆ ನಾನು ಏನು ಹೇಳಿದೆನೆಂದು ಅವರಿಗೆ ಗೊತ್ತೇ?"

"ಇಲ್ಲ."

"ಈಗಲೇ ಹೋಗೋಣ. ಈ ಸಲ ನೀವು ಸರಿಯಾಗಿ ಹೇಳಿ."

ರಕ್ಷಾ ಕ್ಲಾಸಿನಲ್ಲೇ ಇದ್ದಳು, ಅಷ್ಟು ಪುಣ್ಯ ನನಗಿತ್ತು. ಶಿವರುದ್ರಮ್ಮ ಅಂದೂ ಹುಣಸೇಹಣ್ಣಿನ ಮುಂದೆ ಕೂತಿದ್ದಳು. ಮತ್ತೆ ಮಜ್ಜಿಗೆಗೆ ಏಳಹೊರಟವಳನ್ನು ತಡೆದು ಕೂರಿಸಿದೆ. ನಾನು ನೆಲದ ಮೇಲೆ ಕೂತೆ. ಮೊದಲು ಕೈ ಕಟ್ಟುವ ವಿಷಯ ಹೇಳಿದೆ. ರಕ್ಷಾ ಕ್ಲಾಸಿನಲ್ಲಿ ಯಾಕೆ ಎಡಗೈ ಎತ್ತುತ್ತಾಳೆ ಎಂದು ಇವರು ಕೇಳಿದ್ದಕ್ಕೆ, ನೀವು ಅವಳ ಕೈ ಕಟ್ಟುತ್ತೀರೆಂದು ಸುಳ್ಳು ಹೇಳಿದ್ದೆ, ಹೊರದೇಶಕ್ಕೆ ಹೋಗುವ ಆಸೆಗೆ ಹೇಳಿದ್ದೆ ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾನಾ? ಕೈ ಕಟ್ತೀನಿ ಅಂದ್ರಾ?" ಎಂದು ಬೊಚ್ಚುಬಾಯಲ್ಲಿ ನಕ್ಕೇಬಿಟ್ಟಳು. "ಅದ್ಕೇ ಈವಮ್ಮ ಮೊನ್ನೆ ನನ್ ಕೈಗೆ ಅಂಗೆ ಹಣೆ ಮುಟ್ಸಿದ್ದು! ಹೋಗ್ಲಿ ಬುಡಿ ಮೇಡಮ್ಮೋರೆ. ನನ್ನೇನು ಪೇಪರ್‌ನಾಗೆ ಹಾಕುದ್ರಾ? ಅದ್ಕೆಲ್ಲ ನೆಲದ್ ಮ್ಯಾಲೆ ಕುಂತ್ಕಬೇಡಿ, ಮ್ಯಾಕೆ ಕುಂತ್ಕಳಿ."

ನನ್ನ ಎದೆಯ ಭಾರ ಅರ್ಧ ಇಳಿಯಿತು. ಮುಗಿಯಿತು ಎಂದುಕೊಂಡೆ. ಮೇಲೆದ್ದು ಜಗಲಿಯಲ್ಲಿ ಕೂತೆ ಕೂಡ.

"ಆದ್ರೆ ಮಗ ಯಾಕೆ ಎಡಗೈ ಎತ್ತಿತ್ತು?" ಎಂದಳು ಅವಳು.

ನಾನು ಪದ್ಧತಿಯನ್ನು ಹೇಳಿದೆ. ಗೊತ್ತಿರುವವರು ಬಲಗೈ, ಗೊತ್ತಿಲ್ಲದವರು ಎಡಗೈ. ಹೇಳುತ್ತಾ ಹೇಳುತ್ತಾ ನನ್ನ ದನಿ ತಗ್ಗಿತು. ಶಿವರುದ್ರಮ್ಮ ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ಹಾಕಿ, ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಎಷ್ಟ್ ದಿವ್ಸದಿಂದ ಎತ್ತಾವ್ಳೆ?"

"ಐದನೇ ಕ್ಲಾಸಿಂದ."

"ಮೂರ್ ವರ್ಸ" ಎಂದಳು. ಸಿಟ್ಟಿರಲಿಲ್ಲ. ಮೇಡಮ್ಮೋರ ಹತ್ತಿರ ಮಾತಾಡುವಾಗ ಯಾವಾಗಲೂ ಇರುವ ಅದೇ ಮರ್ಯಾದೆಯಿತ್ತು. "ನಂಗೆ ಓದಾಕೆ ಬರಲ್ಲ, ಮಗೀಗೆ ಏನ್ ಬರ್ತದೆ ಏನ್ ಬರಲ್ಲ ನಂಗೊತ್ತಾಗಲ್ಲ. ಅವ್ರಪ್ಪ ಅವ್ವ ಊರಾಗಿಲ್ಲ. ನಿಮ್ಗೆ ಗೊತ್ತಿತ್ತು. ನಂಗೆ ಬರಲ್ಲ ನಂಗೆ ಬರಲ್ಲ ಅಂತ ಮಗ ಮೂರ್ ವರ್ಸ ಕೈ ಎತ್ತಿ ಎತ್ತಿ ನಿಮ್ಗೇ ತೋರಿಸ್ತಿತ್ತಲ್ಲ. ನೋಡ್ಕಂಡು ಏನ್ ಮಾಡುದ್ರಿ ಮೇಡಮ್ಮೋರೆ?"

"ಏನು ಕೇಳುತ್ತಿದ್ದಾರೆ?" ಎಂದರು ಮೌರೀನ್.

ಒಂದು ಮಾತನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಇಬ್ಬರೂ ನನ್ನ ಉತ್ತರಕ್ಕೆ ಕಾದರು.

"ಏನೂ ಮಾಡಲಿಲ್ಲ" ಎಂದೆ, ಮೊದಲು ಶಿವರುದ್ರಮ್ಮನಿಗೆ ಕನ್ನಡದಲ್ಲಿ, ಆಮೇಲೆ ಮೌರೀನರಿಗೆ ಇಂಗ್ಲಿಷಿನಲ್ಲಿ.